‘ಹಿಯರ್ ಇಟ್‌ಸೆಲ್ಫ್’ ಎಂಬ ಮಾತಿನ ಹಿಂದೆ ಐದು ವರ್ಷ

ಹನ್ನೊಂದು ವರ್ಷ ನಾನು ಆ ಪದಕ್ಕೆ ಕೆಂಪು ಗೆರೆ ಎಳೆದಿದ್ದೆ. ಮಕ್ಕಳು ‘ಟುಡೇ ಇಟ್‌ಸೆಲ್ಫ್’ ಎಂದು ಬರೆದರೆ ‘ಇಟ್‌ಸೆಲ್ಫ್’ ಹೊಡೆದುಹಾಕುತ್ತಿದ್ದೆ. ‘ಹಿ ಓನ್ಲಿ ಟೋಲ್ಡ್ ಮಿ’ ಎಂದಿದ್ದರೆ ಅರ್ಧ ಅಂಕ ಹೋಗುತ್ತಿತ್ತು. ಹಾಸನ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ಬಹುಪಾಲು ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು, ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರು. ನಾನೂ ಹಾಗೇ ಓದಿದವಳು.

ಒಂದು ಸಲ ಪತ್ರ ಬರೆಯುವ ಪ್ರಶ್ನೆ ಕೊಟ್ಟಿದ್ದೆ. ಕಳೆದುಹೋದ ಬಸ್ ಪಾಸಿನ ಬಗ್ಗೆ ಪ್ರಾಂಶುಪಾಲರಿಗೆ ಪತ್ರ. ಒಬ್ಬ ಹುಡುಗಿ ಮೊದಲು ಹೀಗೆ ಬರೆದಿದ್ದಳು: ‘ಐ ಗಾಟ್ ದ ಪಾಸ್ ಯೆಸ್ಟರ್‌ಡೇ ಓನ್ಲಿ.’ ಎರಡು ಸಾಲು ಬಿಟ್ಟು: ‘ಐ ಟೋಲ್ಡ್ ದ ಕಂಡಕ್ಟರ್ ಯೆಸ್ಟರ್‌ಡೇ ಇಟ್‌ಸೆಲ್ಫ್.’ ಅಭ್ಯಾಸಬಲದಿಂದ ಎರಡಕ್ಕೂ ಗೆರೆ ಎಳೆದೆ. ಆಮೇಲೆ ಯಾಕೋ ಮತ್ತೆ ಓದಿದೆ. ಮೊದಲನೆಯದು ‘ನಿನ್ನೆ ತಾನೆ ಪಾಸ್ ಸಿಕ್ಕಿತ್ತು’. ಅಂದರೆ ಇನ್ನೂ ಹೊಸದು, ಅಷ್ಟರಲ್ಲೇ ಕಳೆಯಿತು. ಎರಡನೆಯದು ‘ನಿನ್ನೇನೇ ಕಂಡಕ್ಟರಿಗೆ ಹೇಳಿದ್ದೆ’. ಅಂದರೆ ತಡ ಮಾಡಲಿಲ್ಲ. ‘ಓನ್ಲಿ’ ಇದ್ದ ಕಡೆ ‘ಇಟ್‌ಸೆಲ್ಫ್’ ಇಟ್ಟು ನೋಡಿದೆ, ಅರ್ಥ ಕೆಟ್ಟಿತು. ತಿರುಗಿಸಿ ನೋಡಿದೆ, ಹಾಗೂ ಕೆಟ್ಟಿತು. ಆ ಹುಡುಗಿ ಏನನ್ನೂ ಸುಮ್ನೆ ಬರೆದಿರಲಿಲ್ಲ. ಅವಳಿಗೆ ಒಂದು ನಿಯಮ ಗೊತ್ತಿತ್ತು. ಅದನ್ನು ಅವಳಿಗೆ ನಾನು ಕಲಿಸಿರಲಿಲ್ಲ, ಯಾವ ಪಠ್ಯಪುಸ್ತಕವೂ ಕಲಿಸಿರಲಿಲ್ಲ.

ಪಿಎಚ್‌ಡಿಗೆ ವಿಷಯ ಹುಡುಕುತ್ತಿದ್ದ ಕಾಲ ಅದು. ವಿಷಯ ಅಲ್ಲೇ ಸಿಕ್ಕಿತು.

ಪ್ರವೇಶ ಪರೀಕ್ಷೆ, ಸಂದರ್ಶನ, ಕೋರ್ಸ್‌ವರ್ಕ್ ಇವೆಲ್ಲ ಎಲ್ಲರಿಗೂ ಆಗುವ ಹಾಗೆ ಆದವು. ಕಷ್ಟವಾಗಿದ್ದು ವಿಷಯ ಮಂಡಿಸಿದ ದಿನ. ಸಮಿತಿಯ ಹಿರಿಯರೊಬ್ಬರು ನನ್ನ ಎಂಟು ಪುಟದ ಬರಹ ಮೇಜಿನ ಮೇಲಿಟ್ಟು, “ಹುಡುಗರ ತಪ್ಪುಗಳ ಪಟ್ಟಿ ಮಾಡಿದರೆ ಪಿಎಚ್‌ಡಿ ಆಗುತ್ತೇನಮ್ಮ?” ಎಂದರು. ಅವರು ನೋಯಿಸಬೇಕೆಂದು ಕೇಳಿರಲಿಲ್ಲ. ನಾನೇ ಹನ್ನೊಂದು ವರ್ಷ ಅದನ್ನು ತಪ್ಪು ಎಂದುಕೊಂಡಿದ್ದೆನಲ್ಲ! ಆದರೆ ಉತ್ತರ ಕೊಡಲು ನನ್ನ ಹತ್ತಿರ ಮಾತಿರಲಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದರು.

ಆ ಆರು ತಿಂಗಳು ನಾನು ಓದಿದ್ದು ಜಾಸ್ತಿ. ಕಾಲೇಜಿಗೆ ರಜೆ ಸಿಕ್ಕಾಗಲೆಲ್ಲ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಬ್ರಜ್ ಕಚ್ರು ಅವರ ಲೇಖನಗಳನ್ನು ಅಲ್ಲೇ ಕೂತು ಓದಿದೆ. ಶ್ರೀನಗರದಲ್ಲಿ ಹುಟ್ಟಿ, ಅಮೆರಿಕದಲ್ಲಿ ಪಾಠ ಮಾಡಿದವರು ಅವರು. ಜಗತ್ತಿನ ಇಂಗ್ಲಿಷನ್ನು ಮೂರು ವೃತ್ತಗಳಾಗಿ ನೋಡುವ ಮಾತನ್ನು 1985ರಲ್ಲಿ ಮುಂದಿಟ್ಟರು. ಒಳಗಿನ ವೃತ್ತದಲ್ಲಿ ಬ್ರಿಟನ್, ಅಮೆರಿಕದಂಥ ದೇಶಗಳು. ಅದರಾಚೆಯ ವೃತ್ತದಲ್ಲಿ ಭಾರತ, ಸಿಂಗಾಪುರ, ಫಿಲಿಪ್ಪೀನ್ಸ್‌ನಂಥವು. ವಸಾಹತು ಆಳ್ವಿಕೆ ಮುಗಿದ ಮೇಲೂ ಇಂಗ್ಲಿಷ್ ಇಲ್ಲಿ ಕಚೇರಿ, ಕೋರ್ಟು, ಕಾಲೇಜುಗಳಲ್ಲಿ ಉಳಿಯಿತು, ಇಲ್ಲಿನ ಬದುಕಿಗೆ ಹೊಂದಿಕೊಂಡು ಬೆಳೆಯಿತು. ಮೂರನೆಯದರಲ್ಲಿ ಚೀನಾ, ಜಪಾನಿನಂಥವು. ಎರಡನೇ ವೃತ್ತದವರ ಇಂಗ್ಲಿಷನ್ನು ಮೊದಲನೇ ವೃತ್ತದ ಅಳತೆಗೋಲಿನಿಂದ ಅಳೆಯಬಾರದು, ಅದಕ್ಕೆ ಅದರದೇ ಕ್ರಮವಿದೆ ಎಂಬುದು ಕಚ್ರು ಅವರ ವಾದ. ಲಂಡನ್ನಿನ ರ್‍ಯಾಂಡಾಲ್ಫ್ ಕ್ವರ್ಕ್ ಇದನ್ನು ಒಪ್ಪಲಿಲ್ಲ. ‘ಇಂಗ್ಲಿಷ್ ಟುಡೇ’ ಪತ್ರಿಕೆಯಲ್ಲಿ 1990ರಲ್ಲಿ ಕ್ವರ್ಕ್ ಬರೆದರು, 1991ರಲ್ಲಿ ಕಚ್ರು ಉತ್ತರ ಕೊಟ್ಟರು. ಆ ಎರಡು ಲೇಖನಗಳನ್ನು ಒಂದೇ ಮಧ್ಯಾಹ್ನ ಓದಿದೆ. ಕಿಟಕಿಯಾಚೆ ಮಾನಸಗಂಗೋತ್ರಿಯ ಮರಗಳು. ನನ್ನ ಕೆಂಪು ಪೆನ್ನು ಯಾರ ಪಕ್ಷದ್ದು ಎಂಬುದು ಅವತ್ತು ನನಗೆ ಗೊತ್ತಾಯಿತು.

ಖುಷಿಯ ಹಿಂದೆಯೇ ಒಂದು ಪೆಟ್ಟೂ ಬಿತ್ತು. ನಾನೇ ಕಂಡುಹಿಡಿದೆ ಎಂದುಕೊಂಡಿದ್ದ ‘ಓನ್ಲಿ’, ‘ಇಟ್‌ಸೆಲ್ಫ್’ಗಳ ಬಗ್ಗೆ ಜರ್ಮನಿಯ ಕ್ಲೌಡಿಯಾ ಲಾಂಗೆ 2007ರಲ್ಲೇ ಒಂದು ಲೇಖನ ಬರೆದಿದ್ದರು. ಭಾರತೀಯ ಇಂಗ್ಲಿಷಿನಲ್ಲಿ ಈ ಎರಡು ಪದಗಳು ಮಾತಿಗೆ ಒತ್ತು ಕೊಡುವ ಕೆಲಸ ಮಾಡುತ್ತವೆ ಎಂದು ಉದಾಹರಣೆ ಸಮೇತ ತೋರಿಸಿದ್ದರು. ಎರಡು ದಿನ ಏನೂ ಮಾಡಲಾಗಲಿಲ್ಲ. ನಮ್ಮ ಗೈಡ್ ಸರ್‌ಗೆ ಫೋನ್ ಮಾಡಿ ಹೇಳಿದೆ. ಅವರು ಅಂದಿದ್ದು ಇಷ್ಟೇ: “ಒಳ್ಳೇದಾಯ್ತಲ್ಲಮ್ಮ. ದಾರಿ ಇದೆ ಅಂತ ಗೊತ್ತಾಯ್ತು. ನೀನು ಕನ್ನಡದವಳು. ನಿನಗೆ ಕೇಳಿಸೋದು ಅವರಿಗೆ ಕೇಳಿಸಿರುತ್ತಾ, ಅದನ್ನ ನೋಡು.”

ನನಗೆ ಕೇಳಿಸಿದ್ದೇನು? ಕನ್ನಡದಲ್ಲಿ ‘ಏ’ ಒಂದೇ. ಇವತ್ತೇ, ಇಲ್ಲೇ, ಅವನೇ, ಬೆಳಿಗ್ಗೇನೇ. ಹೈಸ್ಕೂಲಿನಲ್ಲಿ ಇದನ್ನು ಅವಧಾರಣಾರ್ಥಕ ಅವ್ಯಯ ಎಂದು ಬಾಯಿಪಾಠ ಮಾಡಿಸಿದ್ದರು. ಕನ್ನಡದವರು ಇಂಗ್ಲಿಷ್ ಆಡುವಾಗ ಈ ಒಂದು ‘ಏ’ ಎರಡು ಪದಗಳಾಗಿ ಒಡೆಯುತ್ತದೆ. ಜಾಗ, ಹೊತ್ತಿನ ಜೊತೆಗೆ ‘ಇಟ್‌ಸೆಲ್ಫ್’: ಹಿಯರ್ ಇಟ್‌ಸೆಲ್ಫ್, ಮಾರ್ನಿಂಗ್ ಇಟ್‌ಸೆಲ್ಫ್. ಜನರ ಜೊತೆಗೆ ‘ಓನ್ಲಿ’: ಹಿ ಓನ್ಲಿ, ಯು ಓನ್ಲಿ. ಯಾವಾಗ ಯಾವುದು ಬರುತ್ತದೆ? ಇದೇ ನನ್ನ ಪ್ರಶ್ನೆಯಾಯಿತು. ಎರಡನೇ ಸಲ ಸಮಿತಿ ಒಪ್ಪಿತು.

ಈಗ ಸಾಮಗ್ರಿ ಬೇಕು. ಕಾರ್ಪಸ್ ಅಂದರೆ ಜನ ನಿಜವಾಗಿ ಆಡಿದ, ಬರೆದ ಮಾತುಗಳ ಕಣಜ. ಭಾರತೀಯ ಇಂಗ್ಲಿಷಿನ ಮೊದಲ ದೊಡ್ಡ ಕಣಜ ತುಂಬಿದ್ದು ಕೊಲ್ಹಾಪುರದಲ್ಲಿ. ಶಿವಾಜಿ ವಿಶ್ವವಿದ್ಯಾಲಯದ ಎಸ್.ವಿ. ಶಾಸ್ತ್ರಿ ಅವರ ಮುಂದಾಳ್ತನದಲ್ಲಿ 1978ರಲ್ಲಿ ಅಚ್ಚಾದ ಇಂಗ್ಲಿಷ್ ಬರಹಗಳಿಂದ ಹತ್ತು ಲಕ್ಷ ಪದ ಸೇರಿಸಿದರು. ಕಂಪ್ಯೂಟರ್ ಅಂದರೆ ಜನ ದೂರ ನಿಂತು ನೋಡುತ್ತಿದ್ದ ಕಾಲ. ನಮ್ಮ ಬೆಳಗಾವಿಯಿಂದ ಅಷ್ಟೇನೂ ದೂರವಿಲ್ಲದ ಊರಿನಲ್ಲಿ ಇಂಥ ಕೆಲಸ ನಡೆದಿತ್ತು ಎಂದು ನೆನೆದರೆ ನನಗೆ ಈಗಲೂ ಹೆಮ್ಮೆಯಾಗುತ್ತದೆ. ಆದರೆ ಅದು ಬರಹ. ನನಗೆ ಬೇಕಿದ್ದದ್ದು ಮಾತು.

ಮಾತಿಗೆ ‘ಐಸ್’ ಇದೆ. ಇಂಟರ್‌ನ್ಯಾಷನಲ್ ಕಾರ್ಪಸ್ ಆಫ್ ಇಂಗ್ಲಿಷ್ ಎಂಬುದರ ಚಿಕ್ಕ ಹೆಸರು. ಲಂಡನ್ನಿನ ಸಿಡ್ನಿ ಗ್ರೀನ್‌ಬಾಮ್ 1988ರಲ್ಲಿ ಮುಂದಿಟ್ಟ ಯೋಜನೆ. ಒಂದೊಂದು ದೇಶಕ್ಕೂ ಒಂದೊಂದು ಕಣಜ. ಪ್ರತಿಯೊಂದರಲ್ಲೂ ಸುಮಾರು 2,000 ಪದಗಳ 500 ತುಣುಕು, ಅದರಲ್ಲಿ 300 ಮಾತಿನವು, 200 ಬರಹದವು. ಎಲ್ಲ ದೇಶದಲ್ಲೂ ಒಂದೇ ಅಳತೆ ಇರುವುದರಿಂದ ಭಾರತವನ್ನು ಸಿಂಗಾಪುರದ ಜೊತೆ, ಹಾಂಗ್‌ಕಾಂಗನ್ನು ಫಿಲಿಪ್ಪೀನ್ಸ್ ಜೊತೆ ಹೋಲಿಸಿ ನೋಡಬಹುದು. ಏಷ್ಯಾದ ಇಂಗ್ಲಿಷುಗಳ ಬಗ್ಗೆ ನಂತರ ನಡೆದ ಎಷ್ಟೋ ಕೆಲಸಕ್ಕೆ ಇದೇ ತಳಪಾಯ.

ಅದರ ನಿಯಮಗಳನ್ನು ಓದುತ್ತಾ ಒಂದು ಸಾಲಿಗೆ ಬಂದು ನಿಂತೆ. ಯಾರ ಮಾತನ್ನು ಸೇರಿಸಬಹುದು? ಹದಿನೆಂಟು ತುಂಬಿದವರು, ಕನಿಷ್ಠ ಪ್ರೌಢಶಾಲೆಯ ಕೊನೆಯವರೆಗೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಸಾರ್ವಜನಿಕ ಜೀವನದಲ್ಲಿ ಇರುವ ಕೆಲವರಿಗೆ ಮಾತ್ರ ವಿನಾಯಿತಿ.

ಆ ಸಾಲನ್ನು ಮೂರು ಸಲ ಓದಿದೆ. ನಾನು ಅರಸೀಕೆರೆ ಹತ್ತಿರದ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವಳು. ಎಂ.ಎ. ಇಂಗ್ಲಿಷಿನಲ್ಲಿ ಮಾಡಿದೆ, ದಿನಾ ಇಂಗ್ಲಿಷ್ ಪಾಠ ಮಾಡುತ್ತೇನೆ. ಆದರೂ ಈ ಅಳತೆಯ ಪ್ರಕಾರ ನನ್ನ ಇಂಗ್ಲಿಷ್ ಭಾರತೀಯ ಇಂಗ್ಲಿಷಿನ ಮಾದರಿಯಲ್ಲ. ನನ್ನ ವಿದ್ಯಾರ್ಥಿನಿಯ ಬಸ್ ಪಾಸಿನ ಪತ್ರವಂತೂ ಲೆಕ್ಕಕ್ಕೇ ಬರುವುದಿಲ್ಲ. ನಿಯಮ ಮಾಡಿದವರಿಗೆ ಅವರದೇ ಕಾರಣವಿತ್ತು, ಅದು ನನಗೆ ಅರ್ಥವಾಗುತ್ತದೆ. ದೇಶದೇಶಗಳ ನಡುವೆ ಹೋಲಿಸಬೇಕಾದರೆ ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಆದರೆ 2011ರ ಜನಗಣತಿಯಲ್ಲಿ ಇಂಗ್ಲಿಷನ್ನು ಮಾತೃಭಾಷೆ ಎಂದು ಬರೆಸಿದವರು ಇಡೀ ದೇಶದಲ್ಲಿ ಸುಮಾರು 2.6 ಲಕ್ಷ. ಉಳಿದ ನಾವೆಲ್ಲ ಎರಡನೆಯದೋ ಮೂರನೆಯದೋ ಭಾಷೆಯಾಗಿ ಅದನ್ನು ಆಡುವವರು. ನಮ್ಮಲ್ಲಿ ಸರ್ಕಾರಿ ಕನ್ನಡ ಶಾಲೆಯಿಂದ ಬಂದವರು ಎಷ್ಟು ಜನ! ಅವರನ್ನು ಹೊರಗಿಟ್ಟರೆ ಉಳಿಯುವುದು ಯಾರ ಇಂಗ್ಲಿಷ್?

ಅಂದೇ ನಿರ್ಧಾರ ಮಾಡಿದೆ. ಐಸ್‌ನ ಭಾರತದ ಭಾಗವನ್ನು ಹೋಲಿಕೆಗೆ ಇಟ್ಟುಕೊಳ್ಳುವುದು. ನನ್ನ ರೆಕಾರ್ಡಿಂಗ್ ನಾನೇ ಮಾಡುವುದು. 28 ಜನ, ಎಲ್ಲರ ಮನೆಮಾತೂ ಕನ್ನಡ. ಹದಿನಾಲ್ಕು ಜನ ಕನ್ನಡ ಮಾಧ್ಯಮದವರು, ಹದಿನಾಲ್ಕು ಜನ ಇಂಗ್ಲಿಷ್ ಮಾಧ್ಯಮದವರು. ಎಲ್ಲರೂ ಕೆಲಸದ ಕಾರಣಕ್ಕೆ ದಿನವೂ ಇಂಗ್ಲಿಷ್ ಆಡುವವರೇ ಆಗಿರಬೇಕು.

ಜನ ಸಿಕ್ಕರು. ಮಾತು ಸಿಗಲಿಲ್ಲ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಅಚ್ಚು ಮಾಡಿಸಿದ್ದೆ. ಹೆಸರು ಎಲ್ಲೂ ಬರುವುದಿಲ್ಲ, ಯಾವಾಗ ಬೇಕಾದರೂ ಬೇಡ ಎನ್ನಬಹುದು ಎಂದು ಓದಿ ಹೇಳುತ್ತಿದ್ದೆ. ಸಹಿ ಹಾಕುತ್ತಿದ್ದರು. ರೆಕಾರ್ಡರ್ ಕೆಂಪು ದೀಪ ಹತ್ತಿದ ಕೂಡಲೇ ಬೇರೆಯೇ ಜನವಾಗುತ್ತಿದ್ದರು. “ನಮ್ಮ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ ಮೇಡಂ, ಬೇರೆ ಯಾರನ್ನಾದರೂ ಕೇಳಿ” ಎಂದು ಕೈ ಮುಗಿದವರಿದ್ದಾರೆ. ಸಕಲೇಶಪುರದ ಹೋಂಸ್ಟೇ ನಡೆಸುವ ಒಬ್ಬರು ದಿನಾ ಚೆನ್ನೈ, ಕೋಲ್ಕತ್ತಾ ಅತಿಥಿಗಳ ಜೊತೆ ಗಂಟೆಗಟ್ಟಲೆ ಇಂಗ್ಲಿಷಿನಲ್ಲಿ ಹರಟುವವರು. ನನ್ನ ಮುಂದೆ ಕೂತಾಗ ಒಂದೊಂದು ವಾಕ್ಯವನ್ನೂ ತೂಗಿ ತೂಗಿ ಆಡಿದರು. ಯಾಕೆಂದರೆ ನಾನು ಇಂಗ್ಲಿಷ್ ಟೀಚರ್. ಕೆಂಪು ಪೆನ್ನು ನನ್ನ ಕೈಯಲ್ಲಿ ಇಲ್ಲದಿದ್ದರೂ ಅವರಿಗೆ ಕಾಣುತ್ತಿತ್ತು.

ವಿಲಿಯಂ ಲಬಾವ್ ಎಂಬ ಅಮೆರಿಕದ ಭಾಷಾವಿಜ್ಞಾನಿ ಈ ತೊಡಕಿನ ಬಗ್ಗೆ ಬಹಳ ಹಿಂದೆಯೇ ಬರೆದಿದ್ದಾರೆ. ಯಾರೂ ಗಮನಿಸದಿದ್ದಾಗ ಜನ ಹೇಗೆ ಮಾತಾಡುತ್ತಾರೆ ಎಂಬುದು ನಮಗೆ ಬೇಕು, ಆದರೆ ಗಮನಿಸದೆ ಅದು ಸಿಗುವುದಿಲ್ಲ. ಪುಸ್ತಕದಲ್ಲಿ ಓದುವಾಗ ಚೆಂದದ ಮಾತು. ಸಕಲೇಶಪುರದ ಜಗಲಿಯ ಮೇಲೆ ಕೂತಾಗ ಅದು ನನ್ನ ಮೂರು ತಿಂಗಳನ್ನು ತಿಂದುಹಾಕಿತು.

ಬಿಡುಗಡೆ ಸಿಕ್ಕಿದ್ದು ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ. ಅಲ್ಲೊಬ್ಬ ನರ್ಸ್, ಚನ್ನರಾಯಪಟ್ಟಣದ ಕಡೆಯವರು, ಕನ್ನಡ ಮಾಧ್ಯಮ. ಅವರ ಗೆಳತಿ ಕೇರಳದವರು. ಇಬ್ಬರೂ ಡ್ಯೂಟಿಯಲ್ಲಿ ಮಾತಾಡುವುದು ಇಂಗ್ಲಿಷಿನಲ್ಲೇ, ಯಾಕೆಂದರೆ ಇವರಿಗೆ ಮಲಯಾಳಂ ಬಾರದು, ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಇಬ್ಬರ ಒಪ್ಪಿಗೆಯೂ ಪಡೆದೆ. ರೆಕಾರ್ಡರ್ ಮೇಜಿನ ಮೇಲಿಟ್ಟು, ಅವರಿಬ್ಬರನ್ನೂ ಕೂರಿಸಿ, ನಾನು ಟೀ ತರುವ ನೆಪದಲ್ಲಿ ಎದ್ದುಹೋದೆ. ಇಪ್ಪತ್ತೈದು ನಿಮಿಷ ಬಿಟ್ಟು ಬಂದೆ. ರಾತ್ರಿ ಮನೆಯಲ್ಲಿ ಕೇಳಿದಾಗ ರೋಮಾಂಚನವಾಯಿತು. ರಜೆ ಸಿಗದ್ದು, ಮೆಸ್ಸಿನ ಸಾಂಬಾರು, ತಂಗಿಯ ಮದುವೆ, ಎಲ್ಲ ಸಲೀಸಾಗಿ ಹರಿದಿತ್ತು. ‘ದಟ್ ಡೇ ಇಟ್‌ಸೆಲ್ಫ್ ಐ ಟೋಲ್ಡ್ ಹರ್, ನೋ?’ ಎಂದು ಒಬ್ಬರು ಅನ್ನುತ್ತಾರೆ, ‘ಯು ಓನ್ಲಿ ಸೆಡ್’ ಎಂದು ಇನ್ನೊಬ್ಬರು. ಇಂಗ್ಲಿಷ್ ಇಂಗ್ಲೆಂಡಿನವರ ಜೊತೆ ಮಾತಾಡುವುದಕ್ಕೆ ಎಂದು ನಾವು ಪಾಠದಲ್ಲಿ ಅಂದುಕೊಂಡಿರುತ್ತೇವೆ. ಇಲ್ಲಿ ಅದು ಚನ್ನರಾಯಪಟ್ಟಣಕ್ಕೂ ಕೊಟ್ಟಾಯಂಗೂ ನಡುವಿನ ಸೇತುವೆ.

ಆಮೇಲೆ ಎಲ್ಲರದ್ದೂ ಹೀಗೇ ಮಾಡಿದೆ. ಇಬ್ಬಿಬ್ಬರನ್ನು ಕೂರಿಸುವುದು, ನಾನು ಎದ್ದುಹೋಗುವುದು. ಹೋಂಸ್ಟೇಯವರನ್ನೂ ಮತ್ತೆ ರೆಕಾರ್ಡ್ ಮಾಡಿದೆ, ಈ ಸಲ ಅವರ ಅತಿಥಿಗಳ ಜೊತೆ.

ಕೇಳಿದ್ದನ್ನು ಬರೆದಿಳಿಸುವ ಕೆಲಸದ ಬಗ್ಗೆ ಯಾರೂ ಮೊದಲೇ ಸರಿಯಾಗಿ ಹೇಳುವುದಿಲ್ಲ. ಒಂದು ಗಂಟೆ ಮಾತಿಗೆ ನನಗೆ ಹತ್ತು ಗಂಟೆಗೂ ಮೀರಿ ಹಿಡಿಯಿತು. 2020ರ ಲಾಕ್‌ಡೌನ್ ಬಂದು ಉಳಿದೆಲ್ಲ ನಿಂತಾಗ ಇದೊಂದೇ ನಡೆದದ್ದು. ಎಲಾನ್ ಎಂಬ ತಂತ್ರಾಂಶ ಬಳಸಿದೆ. ನೆದರ್ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯದು, ಪುಕ್ಕಟೆ ಸಿಗುತ್ತದೆ. ಒಬ್ಬೊಬ್ಬರ ಮಾತಿಗೂ ಒಂದೊಂದು ಸಾಲು. ಚಿಕ್ಕ ನಿಲುಗಡೆಗೆ ಒಂದು ಅಲ್ಪವಿರಾಮ, ದೊಡ್ಡದಕ್ಕೆ ಎರಡು. ಇಬ್ಬರೂ ಒಟ್ಟಿಗೆ ಮಾತಾಡಿದರೆ ಅದಕ್ಕೊಂದು ಗುರುತು. ಕ್ಯಾಂಟೀನಿನ ತಟ್ಟೆ ಸದ್ದು, ಫ್ಯಾನಿನ ಸದ್ದು, ಅದರ ಮೇಲೆ ನಮ್ಮನೆ ಕುಕ್ಕರ್ ಸೀಟಿ.

ಸ್ಥಳೀಯ ಪದ ಬಂದರೆ ಅದಕ್ಕೂ ಗುರುತು ಹಾಕಬೇಕು. ಯಾವುದು ಸ್ಥಳೀಯ? ‘ಅಮ್ಮ’ ಸರಿ. ‘ಲಕ್ಷ’? ಅದು ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ದಿನಾ ಬರುತ್ತದೆ. ‘ಸೈಟ್’? ಪದ ಇಂಗ್ಲಿಷಿನದು, ಆದರೆ ‘ವಿ ಬಾಟ್ ಎ ಸೈಟ್ ಇನ್ ಹಾಸನ್’ ಎಂದರೆ ಮನೆ ಕಟ್ಟುವ ನಿವೇಶನ ಎಂದು ನಮಗೆ ಗೊತ್ತು. ಅದಕ್ಕೆ ಯಾವ ಗುರುತು ಹಾಕಲಿ? ‘ಕೋ-ಬ್ರದರ್’ ಅಂತೂ ಇನ್ನೂ ಚೆಂದ. ಷಡ್ಡಕ ಎನ್ನುವುದಕ್ಕೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಒಂದೇ ಪದದ ಹೆಸರಿಲ್ಲ. ನಮಗೆ ಆ ನೆಂಟಸ್ತನ ಮುಖ್ಯ, ಹಾಗಾಗಿ ಇಂಗ್ಲಿಷ್ ತುಂಡುಗಳಿಂದಲೇ ಒಂದು ಪದ ಕಟ್ಟಿಕೊಂಡೆವು. ವಾರಗಿತ್ತಿಗೆ ‘ಕೋ-ಸಿಸ್ಟರ್’. ಹೀಗೆ ಒಂದೊಂದು ಗುರುತಿಗೂ ಅರ್ಧ ಗಂಟೆ ಯೋಚಿಸಿದ ದಿನಗಳಿವೆ.

ಒಂದು ವಿಷಯಕ್ಕೆ ಮಾತ್ರ ಮನಸ್ಸಿಗೆ ಬೇಜಾರಾಯಿತು. ಉಚ್ಚಾರಣೆ ಹೇಗೇ ಇರಲಿ, ಸಾಮಾನ್ಯ ಕಾಗುಣಿತದಲ್ಲೇ ಬರೆಯಬೇಕೆಂಬುದು ಪದ್ಧತಿ. ನಮ್ಮವರು ‘ಎಗ್’ ಅನ್ನುವುದು ‘ಯೆಗ್’ ಆಗಿ ಕೇಳುತ್ತದೆ, ‘ಓನ್ಲಿ’ ಎಷ್ಟೋ ಸಲ ‘ವೋನ್ಲಿ’. ಕನ್ನಡದಲ್ಲಿ ನಾವು ಎಲ್ಲಿ ಎಂದು ಬರೆದು ಯೆಲ್ಲಿ ಎನ್ನುತ್ತೇವೆ, ಒಂದು ಎಂದು ಬರೆದು ವೊಂದು ಎನ್ನುತ್ತೇವೆ. ಅದೇ ನಾಲಿಗೆ. ಬರಹಕ್ಕೆ ಇಳಿದಾಗ ಅದೆಲ್ಲ ಅಳಿಸಿಹೋಯಿತು. ಧ್ವನಿಯ ಮೂಲ ಕಡತಗಳನ್ನು ಮಾತ್ರ ಜೋಪಾನವಾಗಿ ಇಟ್ಟಿದ್ದೇನೆ, ಮುಂದೆ ಯಾರಾದರೂ ಅದನ್ನೇ ಹಿಡಿದು ಕೆಲಸ ಮಾಡಲಿ ಎಂದು.

ಹುಡುಕುವ ಕೆಲಸಕ್ಕೆ ಆಂಟ್‌ಕಾಂಕ್. ಟೋಕಿಯೋದ ವಸೇಡಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಟನಿ ಮಾಡಿದ್ದು, ಇದೂ ಪುಕ್ಕಟೆ. ‘ಓನ್ಲಿ’ ಎಂದು ಹೊಡೆದರೆ ಎಲ್ಲ ‘ಓನ್ಲಿ’ಗಳೂ ಹಿಂದು ಮುಂದಿನ ಮಾತಿನ ಸಮೇತ ಸಾಲಾಗಿ ನಿಲ್ಲುತ್ತವೆ. ಮೊದಲ ಸಲ ನೋಡಿದಾಗ ಗದ್ದೆಯಲ್ಲಿ ನಾಟಿ ಮಾಡಿದ ಸಾಲಿನ ಹಾಗೆ ಕಂಡಿತು. ಆದರೆ ಯಂತ್ರ ಅಲ್ಲಿಗೆ ನಿಲ್ಲುತ್ತದೆ. ಯಾವುದು ಸಾಮಾನ್ಯ ‘ಓನ್ಲಿ’, ಯಾವುದು ನಮ್ಮ ‘ಏ’ ಎಂದು ಒಂದೊಂದನ್ನೂ ಓದಿ ನಾನೇ ವಿಂಗಡಿಸಬೇಕು.

ಒಬ್ಬರೇ ವಿಂಗಡಿಸಿದರೆ ನಂಬುವುದು ಹೇಗೆ? ಅದಕ್ಕೆ ಇನ್ನೊಬ್ಬರು ನನ್ನದನ್ನು ನೋಡದೆ ಅದೇ ಸಾಲುಗಳನ್ನು ವಿಂಗಡಿಸಬೇಕು. ಆಮೇಲೆ ಇಬ್ಬರದ್ದೂ ಎಷ್ಟು ಹೊಂದುತ್ತದೆ ಎಂದು ಲೆಕ್ಕ ಹಾಕುವುದು. ಅದಕ್ಕೆ ಕೋಹೆನ್ ಅವರ ಕಪ್ಪಾ ಎಂಬ ಸೂತ್ರವಿದೆ. ಹೈದರಾಬಾದಿನ ಒಂದು ಕಾರ್ಯಾಗಾರದಲ್ಲಿ ಪರಿಚಯವಾದ ಅಸ್ಸಾಮಿನ ಗೆಳತಿ ಒಪ್ಪಿದರು. ಬಂದ ಫಲಿತಾಂಶ ನೋಡಿ ನನಗೆ ಗಾಬರಿಯಾಯಿತು. ನಾನು ‘ಏ’ ಎಂದು ಗುರುತಿಸಿದ್ದ ಎಷ್ಟೋ ಸಾಲುಗಳನ್ನು ಅವರು ಸಾಮಾನ್ಯ ಇಂಗ್ಲಿಷ್ ಎಂದಿದ್ದರು.

ಫೋನಿನಲ್ಲಿ ಎರಡು ಗಂಟೆ ಕೂತೆವು. ‘ವಿ ಹ್ಯಾವ್ ಟೂ ರೂಮ್ಸ್ ಓನ್ಲಿ’ ಎಂಬುದನ್ನು ನಾನು ಕನ್ನಡದ್ದು ಎಂದಿದ್ದೆ. “ಲಂಡನ್ನಿನ ಲಾಡ್ಜಿನ ಬೋರ್ಡಿನಲ್ಲೂ ಹೀಗೆ ಬರೆದಿರಬಹುದಲ್ಲ, ಎರಡೇ ರೂಮು ಅಂತ ತಾನೆ?” ಎಂದು ಕೇಳಿದರು. ನಿಜ. ‘ಯೆಸ್ಟರ್‌ಡೇ ಓನ್ಲಿ’? ಪದದ ಜಾಗ ಬೇರೆ, ಆದರೆ ‘ಓನ್ಲಿ ಯೆಸ್ಟರ್‌ಡೇ’ ಎಂದು ಇಂಗ್ಲೆಂಡಿನವರೂ ‘ನಿನ್ನೆ ತಾನೆ’ ಎಂಬ ಅರ್ಥದಲ್ಲೇ ಆಡುತ್ತಾರೆ. ನನ್ನ ಇಡೀ ಹುಡುಕಾಟ ಶುರುವಾಗಿದ್ದೇ ಆ ಪತ್ರದಿಂದ! ಕಣ್ಣು ತುಂಬಿಬಂತು. ಅವರಿಗೆ ಫೋನಿನಲ್ಲಿ ಗೊತ್ತಾಗಿರಬೇಕು. “ನಿಮ್ಮ ಕಿವಿಯೊಳಗೆ ಕನ್ನಡ ಮೊದಲೇ ಕೂತಿದೆ. ಹಾಗಾಗಿ ಎಲ್ಲದರಲ್ಲೂ ಅದೇ ಕೇಳುತ್ತೆ. ನನಗೆ ಕನ್ನಡ ಬರಲ್ಲ, ಆದ್ದರಿಂದಲೇ ನಾನು ನಿಮಗೆ ಉಪಯೋಗ” ಎಂದರು.

ಉಳಿದವು ಗಟ್ಟಿಯಾಗಿದ್ದವು. ಹೋಂಸ್ಟೇಯ ಆ ಮಹಿಳೆ ಅತಿಥಿಯೊಬ್ಬರಿಗೆ ‘ಮೈ ಹಸ್ಬೆಂಡ್ ಓನ್ಲಿ ಕುಕ್ಸ್’ ಎಂದಿದ್ದರು. ಅಡುಗೆ ಯಾರು ಮಾಡುತ್ತಾರೆ ಎಂದು ಅವರು ಕೇಳಿದ್ದಕ್ಕೆ, ‘ನಮ್ಮೆಜಮಾನ್ರೇ ಮಾಡೋದು’ ಎಂಬ ಹೆಮ್ಮೆಯ ಉತ್ತರ. ಈ ಒತ್ತಿನ ರೂಢಿ ಇಲ್ಲದವರಿಗೆ ‘ಗಂಡ ಅಡುಗೆ ಬಿಟ್ಟು ಬೇರೇನೂ ಮಾಡುವುದಿಲ್ಲ’ ಎಂದು ಕೇಳಿಸಬಹುದು. ಇದರಲ್ಲಿ ನನಗೂ ಅಸ್ಸಾಮಿನ ಗೆಳತಿಗೂ ಭೇದ ಬರಲಿಲ್ಲ. ವಿಂಗಡಿಸುವ ನಿಯಮಗಳನ್ನು ಹೊಸದಾಗಿ ಬರೆದು ಎಲ್ಲವನ್ನೂ ಮೊದಲಿಂದ ಮಾಡಿದೆವು.

ಇದಕ್ಕೂ ಮುಂಚೆ, 2019ರಲ್ಲಿ, ಸಿಂಗಾಪುರದ ಒಂದು ಸಮ್ಮೇಳನಕ್ಕೆ ಹೋಗಿದ್ದೆ. ಈ ಪೆಟ್ಟಿನ ಮುನ್ಸೂಚನೆ ಅಲ್ಲೇ ಸಿಕ್ಕಿತ್ತು. ಉಳಿದುಕೊಂಡಿದ್ದು ನಮ್ಮಕ್ಕನ ವಾರಗಿತ್ತಿಯ ಮನೆಯಲ್ಲಿ. ಅವರ ಎಂಟು ವರ್ಷದ ಮಗ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮೊದಲ ದಿನ ಊಟಕ್ಕೆ ಕರೆದೆ. ‘ಐ ಈಟ್ ಆಲ್ರೆಡಿ, ಆಂಟಿ’ ಎಂದ. ನನ್ನ ಕಿವಿ ನೆಟ್ಟಗಾಯಿತು. ‘ಊಟ ಆಯ್ತು’ ಎನ್ನುವಾಗ ನಾವು ಮುಗಿದದ್ದನ್ನು ಕೊನೆಯಲ್ಲಿ ಹೇಳುತ್ತೇವೆ, ಅವನೂ ಹಾಗೇ ಹೇಳಿದ್ದ! ಪುಸ್ತಕ ತೆಗೆದು ಬರೆದುಕೊಂಡೆ. ಮರುದಿನ ಬೆಳಿಗ್ಗೆ ಲಿಫ್ಟಿನಲ್ಲಿ ಅವನ ಚೀನೀ ಗೆಳೆಯ, ಮಲಯ್ ಗೆಳತಿ ಎಲ್ಲರೂ ಅದನ್ನೇ ಆಡುತ್ತಿದ್ದರು. ಸಿಂಗಾಪುರದ ಇಂಗ್ಲಿಷಿನ ಈ ‘ಆಲ್ರೆಡಿ’ಗೆ ಚೀನೀ ಭಾಷೆಗಳಲ್ಲಿ ಕೆಲಸ ಮುಗಿದದ್ದನ್ನು ತೋರಿಸುವ ಕೊನೆಯ ಪದವೇ ಮೂಲ ಎಂದು ಅಲ್ಲಿನ ವಿದ್ವಾಂಸರು ಬಹಳ ಹಿಂದೆಯೇ ವಿವರಿಸಿದ್ದಾರೆ. ಆ ಹುಡುಗನನ್ನು ನಾನು ಹಾಸನದಲ್ಲಿ ರೆಕಾರ್ಡ್ ಮಾಡಿದ್ದರೆ? ‘ಕನ್ನಡದ ಪ್ರಭಾವ’ ಎಂದು ಒಂದು ಪುಟ ಬರೆದುಬಿಡುತ್ತಿದ್ದೆ.

ಸಮ್ಮೇಳನದಲ್ಲಿ ಇನ್ನೊಂದಾಯಿತು. ನನ್ನ ಪ್ರಬಂಧದಲ್ಲಿ ‘ಸಿಂಪ್ಲಿ’ ಎಂಬ ಪದಕ್ಕೆ ಒಂದು ಭಾಗ ಮೀಸಲಿಟ್ಟಿದ್ದೆ. ‘ವೈ ಡಿಡ್ ಯು ಕಮ್?’ ಎಂದರೆ ‘ಸಿಂಪ್ಲಿ’ ಎನ್ನುತ್ತೇವಲ್ಲ, ಅದು ನಮ್ಮ ‘ಸುಮ್ನೆ’ ಎಂದು. ಮಾತು ಮುಗಿದ ಮೇಲೆ ಕೌಲಾಲಂಪುರದ ಅಧ್ಯಾಪಕಿಯೊಬ್ಬರು ಬಂದು ಕೈ ಹಿಡಿದುಕೊಂಡರು. ತಮ್ಮ ಊರಿನಲ್ಲೂ ‘ಡೋಂಟ್ ಸಿಂಪ್ಲಿ ಸೇ’ ಎನ್ನುತ್ತಾರೆ, ಯೋಚಿಸದೆ ಏನೇನೋ ಹೇಳಬೇಡ ಎಂಬ ಅರ್ಥದಲ್ಲಿ, ಅಲ್ಲಿ ಅದನ್ನು ಮಲಯ್ ಭಾಷೆಯಿಂದ ಬಂದದ್ದು ಎನ್ನುತ್ತಾರೆ ಎಂದರು. ಅವರ ‘ಸಿಂಪ್ಲಿ’ ನಮ್ಮದೇ ಅಲ್ಲ, ಪೂರ್ತಿ ಬೇರೆಯೂ ಅಲ್ಲ. ವಾಕ್ಯದ ಕೊನೆಗೆ ಸೇರಿಸುವ ‘ಇಸಂಟ್ ಇಟ್’ ಕೂಡ ಹಾಗೇ. ನಮ್ಮ ‘ಅಲ್ವಾ’ ಎಂದು ನಾನು ಅಂದುಕೊಂಡಿದ್ದೆ. ಆದರೆ ವೇಲ್ಸ್‌ನಲ್ಲೂ ಅದು ಎಲ್ಲ ವಾಕ್ಯಕ್ಕೂ ಬದಲಾಗದೆ ಅಂಟಿಕೊಳ್ಳುತ್ತದೆ. ಸಿಂಗಾಪುರದಲ್ಲಿ ‘ಇಸ್ ಇಟ್’.

ಸಿಂಗಾಪುರದಲ್ಲಿ ಒಂದು ವಿಷಯ ಮನಸ್ಸಿಗೆ ತುಂಬಾ ತಟ್ಟಿತು. ಅಲ್ಲಿ ಆಡಳಿತ ಭಾಷೆಗಳು ನಾಲ್ಕು: ಮಲಯ್, ಮ್ಯಾಂಡರಿನ್, ತಮಿಳು, ಇಂಗ್ಲಿಷ್. ಮನೆಯಲ್ಲಿ ಬೀದಿಯಲ್ಲಿ ಆಡುವ ಸಿಂಗ್ಲಿಷ್‌ನಿಂದ ಜನರನ್ನು ಬಿಡಿಸಲು ಸರ್ಕಾರವೇ 2000ದಲ್ಲಿ ‘ಸ್ಪೀಕ್ ಗುಡ್ ಇಂಗ್ಲಿಷ್’ ಎಂಬ ಚಳವಳಿ ಶುರುಮಾಡಿತು. ಆದರೂ ಊಟದ ಅಂಗಡಿಯಲ್ಲಿ ‘ಆಗುತ್ತೆ’ ಎನ್ನಲು ಸಿಂಗ್ಲಿಷ್‌ನಲ್ಲಿ ‘ಕ್ಯಾನ್ ಲಾ’ ಎಂದವರ ಮುಖದಲ್ಲಿ ನಾಚಿಕೆ ಇರಲಿಲ್ಲ. ನಮ್ಮ ಚನ್ನರಾಯಪಟ್ಟಣದ ನರ್ಸ್ ರೆಕಾರ್ಡರ್ ಮುಂದೆ ಮೊದಲು ಕೂತಾಗ ಅವರ ಮುಖದಲ್ಲಿ ಇದ್ದದ್ದು ನಾಚಿಕೆಯೇ. ಅದನ್ನು ಅಲ್ಲಿಗೆ ತಂದು ಇಟ್ಟವರಲ್ಲಿ ನನ್ನಂಥ ಟೀಚರುಗಳೂ ಇದ್ದೇವೆ.

ಕೊನೆಗೆ ನಾನು ಬರೆದದ್ದು ಮೊದಲು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ‘ಸಿಂಪ್ಲಿ’ ಅಧ್ಯಾಯ ಪೂರ್ತಿ ತೆಗೆದೆ. ‘ಓನ್ಲಿ’, ‘ಇಟ್‌ಸೆಲ್ಫ್’ ಕನ್ನಡದಿಂದಲೇ ಬಂದವು ಎಂದು ಹೇಳಲಿಲ್ಲ. ಹಿಂದಿಯ ‘ಹೀ’ ಕೂಡ ಅದೇ ಕೆಲಸ ಮಾಡುತ್ತದೆ, ಹಿಂದಿಯವರೂ ಹೀಗೆ ಆಡುತ್ತಾರೆ. ನನ್ನ 28 ಜನರ ಬಗ್ಗೆ ಹೇಳಬಹುದಾದದ್ದು ಇಷ್ಟು: ಜಾಗಕ್ಕೂ ಹೊತ್ತಿಗೂ ‘ಇಟ್‌ಸೆಲ್ಫ್’, ಜನರಿಗೆ ‘ಓನ್ಲಿ’ ಎಂಬ ಹಂಚಿಕೆ ಕನ್ನಡ ಮಾಧ್ಯಮದವರಲ್ಲೂ ಇಂಗ್ಲಿಷ್ ಮಾಧ್ಯಮದವರಲ್ಲೂ ಒಂದೇ ರೀತಿ ಕಂಡಿತು. ಕಾನ್ವೆಂಟಿನಲ್ಲಿ ಓದಿದ ಬ್ಯಾಂಕ್ ಮ್ಯಾನೇಜರೂ ‘ಮಾರ್ನಿಂಗ್ ಇಟ್‌ಸೆಲ್ಫ್’ ಎನ್ನುತ್ತಾರೆ, ಸರ್ಕಾರಿ ಶಾಲೆಯ ನರ್ಸೂ ಎನ್ನುತ್ತಾರೆ. ಐಸ್‌ನ ಮಾಧ್ಯಮದ ನಿಯಮ ಎಂಬ ಬಾಗಿಲಿನಲ್ಲಿ ಒಬ್ಬರನ್ನು ಒಳಗೆ ಬಿಟ್ಟು ಇನ್ನೊಬ್ಬರನ್ನು ಹೊರಗೆ ನಿಲ್ಲಿಸಲು ಈ ವಿಷಯದಲ್ಲಿ ನನಗೆ ಕಾರಣ ಕಾಣಲಿಲ್ಲ. ಇದೊಂದು ಮಾತನ್ನು ಹೇಳಲು ಐದು ವರ್ಷ ಬೇಕಾಯಿತು. ಬೇಕಾಗಿತ್ತು ಕೂಡ.

ಪ್ರಬಂಧ ಸಲ್ಲಿಸುವ ಹೊತ್ತಿನ ಕೆಲಸಗಳು ಎಲ್ಲ ಸಂಶೋಧಕರಿಗೂ ಗೊತ್ತಿರುವಂಥವು. ಕೃತಿಚೌರ್ಯದ ಪರೀಕ್ಷೆ, ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇಕಡ 10ರ ಒಳಗಿರಬೇಕು, ಆಮೇಲೆ ಪ್ರತಿಗಳು, ಸಹಿಗಳು. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಟೈಪ್ ಮಾಡಿದ ಮಾತುಗಳ ಅನುಬಂಧವನ್ನು ಡಿಟಿಪಿ ಅಂಗಡಿಯಲ್ಲಿ ಕೊಟ್ಟಾಗ ಅಲ್ಲಿನ ಹುಡುಗ ಒಳ್ಳೆಯ ಮನಸ್ಸಿನಿಂದ, ಗೆರೆ ಬಿದ್ದ ವಾಕ್ಯಗಳನ್ನೆಲ್ಲ ‘ಸರಿ’ ಮಾಡಿಬಿಟ್ಟಿದ್ದ. ನಲವತ್ತು ಪುಟ. ಮೂಲ ಪ್ರತಿ ಬೇರೆ ಇಟ್ಟುಕೊಂಡಿದ್ದರಿಂದ ಬದುಕಿದೆ. ಇಂಥ ಕೆಲಸ ಮಾಡುವವರು ಕಂಪ್ಯೂಟರಿನ ವ್ಯಾಕರಣ ತಿದ್ದುವ ಸೌಲಭ್ಯವನ್ನು ಮೊದಲ ದಿನವೇ ಆಫ್ ಮಾಡಿಬಿಡಿ.

ಮೌಖಿಕ ಪರೀಕ್ಷೆ 2022ರಲ್ಲಿ. ಬಾಗಿಲು ತೆರೆದೇ ಇರುತ್ತದೆ, ಯಾರು ಬೇಕಾದರೂ ಕೂರಬಹುದು. ನಮ್ಮ ಕಾಲೇಜಿನ ನಾಲ್ಕು ಮಕ್ಕಳು ಬಂದಿದ್ದರು. ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ: “ಹಾಗಾದರೆ ಪರೀಕ್ಷೆಯಲ್ಲಿ ‘ಟುಡೇ ಇಟ್‌ಸೆಲ್ಫ್’ ಎಂದು ಬರೆದರೆ ಅಂಕ ಕೊಡುತ್ತೀರಾ?” ಕೊಡುತ್ತೇನೆ ಎಂದೆ. ಹೊರದೇಶದ ಕಚೇರಿಗೆ ಬರೆಯುವ ಪತ್ರವಾದರೆ, ಅಲ್ಲಿ ಓದುವವರಿಗೆ ಇದು ಹೊಸದು, ಅಲ್ಲಿ ಹೀಗೆ ಬರೆಯುತ್ತಾರೆ ಎಂದು ಪಕ್ಕದಲ್ಲಿ ಬರೆಯುತ್ತೇನೆ. ತಪ್ಪು ಎಂದು ಮಾತ್ರ ಬರೆಯುವುದಿಲ್ಲ ಎಂದೆ. ಹಿಂದಿನ ಸಾಲಿನಲ್ಲಿ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದರು: “ನಿಮ್ಮ ರೆಕಾರ್ಡಿಂಗಿನಲ್ಲಿ ನಿಮ್ಮ ಮಾತೂ ಇದೆ. ಅದನ್ನು ಲೆಕ್ಕದಿಂದ ಬಿಟ್ಟಿದ್ದೀರಿ, ಸರಿ, ಅದೇ ಪದ್ಧತಿ. ಆದರೆ ನೋಡಿದ್ದೀರಾ?” ನೋಡಿರಲಿಲ್ಲ.

ಆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದೆ. ನನ್ನ ಸಾಲುಗಳನ್ನಷ್ಟೇ ಬೇರೆ ಮಾಡಿ ‘ಇಟ್‌ಸೆಲ್ಫ್’ ಎಂದು ಹೊಡೆದೆ. ಒಂದರ ಕೆಳಗೊಂದು ಬಂದು ನಿಂತವು. ಮೊದಲನೆಯದು ಆಸ್ಪತ್ರೆಯ ಕ್ಯಾಂಟೀನಿನದು, ಟೀ ತರಲು ಎದ್ದಾಗ ಆಡಿದ್ದು: ‘ಯು ಸಿಟ್ ಹಿಯರ್ ಇಟ್‌ಸೆಲ್ಫ್, ಸಿಸ್ಟರ್, ಐ ವಿಲ್ ಕಮ್.’ ಅದರ ಪಕ್ಕದಲ್ಲಿ ಒಂದು ಅಲ್ಪವಿರಾಮ, ಆಮೇಲೆ ಕುರ್ಚಿ ಎಳೆದ ಸದ್ದು, ಆಮೇಲೆ ಅವರಿಬ್ಬರ ಮಾತು ಶುರು.